ಕಾಲುಚೀಲದೊಳಗಿನ ಪೆನ್ಸಿಲ್

ಮೊನ್ನೆ ಭಾನುವಾರ ನಮ್ಮ ಮನೆಯ ಬಟ್ಟೆ ಒಗೆಯುವ ಮಶೀನು ಇದ್ದಕ್ಕಿದ್ದಂತೆ ಟಕಟಕ ಎಂದು ಹಲ್ಲು ಕಡಿಯತೊಡಗಿತು. ಬೇರಿಂಗು ಹೋಗಿದೆ ಎಂದು ನಮ್ಮ ಮನೆಯವರು ತೀರ್ಪು ಕೊಟ್ಟರು. ಅವರು ಎಲ್ಲ ಯಂತ್ರಗಳಿಗೂ ಇದೇ ತೀರ್ಪು ಕೊಡುತ್ತಾರೆ. ಒಮ್ಮೆ ಗೋಡೆ ಗಡಿಯಾರ ನಿಂತಾಗಲೂ ಬೇರಿಂಗನ್ನೇ ದೂರಿದ್ದರು. ಮಶೀನು ನಿಲ್ಲಿಸಿ, ಮುಚ್ಚಳ ತೆಗೆದು, ಒಂದಕ್ಕೊಂದು ತೆಕ್ಕೆ ಬಿದ್ದಿದ್ದ ಬಟ್ಟೆಗಳ ನಡುವೆ ಕೈಯಾಡಿಸಿದರೆ ನನ್ನದೇ ಕುರ್ತಾದ ಕಿಸೆಯಿಂದ ಒಂದು ಪೆನ್ಸಿಲ್ ಹೊರಬಂತು.

ಪೆನ್ಸಿಲ್ ಎಂದರೆ ಕೆತ್ತಿ ಚೂಪು ಮಾಡುವ ಮರದ ಪೆನ್ಸಿಲ್ ಎಂದುಕೊಳ್ಳಬೇಡಿ. ಹಿಂದಿನ ಗುಂಡಿ ಒತ್ತಿದರೆ ಟಿಕ್ ಎಂದು ಮೂತಿಯಿಂದ ಒಂದಿಷ್ಟೇ ಕಡ್ಡಿ ಹೊರಗೆ ಇಣುಕುತ್ತದಲ್ಲ, ಅದು. ಶಾಲೆಯ ಮಕ್ಕಳು ಅದಕ್ಕೆ ಪೆನ್‌ಪೆನ್ಸಿಲ್ ಎನ್ನುತ್ತಾರೆ. ಡಿಪ್ಲೊಮಾ ಓದಿದ ನಾವು ಸ್ವಲ್ಪ ಗತ್ತಿನಿಂದ ಕ್ಲಚ್ ಪೆನ್ಸಿಲ್ ಎನ್ನುತ್ತೇವೆ. ನಾನು ಬೀದರಿನ ಒಂದು ಕಚೇರಿಯ ನಕ್ಷೆ ವಿಭಾಗದಲ್ಲಿದ್ದೇನೆ. ನಕ್ಷೆಗಳೆಲ್ಲ ಈಗ ಕಂಪ್ಯೂಟರಿನ ಪರದೆಯ ಮೇಲೆಯೇ ಹುಟ್ಟಿ ಅಲ್ಲಿಯೇ ತಿದ್ದಿಸಿಕೊಳ್ಳುತ್ತವೆ. ಆದ್ದರಿಂದ ಪೆನ್ಸಿಲಿನಿಂದ ನಾನು ಮಾಡುವ ಕೆಲಸ ಎರಡೇ: ತಲೆ ಕೆರೆದುಕೊಳ್ಳುವುದು, ಸೆಖೆಯಾದಾಗ ಕೂದಲಿಗೆ ಸಿಕ್ಕಿಸಿ ತುರುಬು ಕಟ್ಟುವುದು. ಆದರೂ ಅದು ಕಿಸೆಯಲ್ಲಿ ಇಲ್ಲದಿದ್ದರೆ ಚಪ್ಪಲಿ ಮರೆತು ಬಂದಂತೆ ಕಸಿವಿಸಿಯಾಗುತ್ತದೆ. ಈ ರೋಗ ನನಗೆ ಅಂಟಿದ್ದು ಭಾಲ್ಕಿಯ ಕಾಶಿನಾಥ ಮಾಮಾನಿಂದ.

ಕಾಶಿನಾಥ ಮಾಮಾ ನನ್ನ ಅವ್ವನ ತಮ್ಮ. ಭಾಲ್ಕಿಯ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ನಾನು ಮೆಹಕರ ಎಂಬ ಹಳ್ಳಿಯವಳು, ಡಿಪ್ಲೊಮಾ ಓದುವಾಗ ಭಾಲ್ಕಿಯಲ್ಲಿ ಅಜ್ಜಿಯ ಮನೆಯಲ್ಲಿದ್ದು ದಿನಾ ಬೀದರಿಗೆ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಆ ಮನೆಯಲ್ಲಿದ್ದವರು ಮೂವರು: ಅಜ್ಜಿ, ಮಾಮಾ, ನಾನು. ಉಳಿದ ಜಾಗವನ್ನೆಲ್ಲ ಪೆನ್ಸಿಲುಗಳು ಆಕ್ರಮಿಸಿದ್ದವು.

ಹೈದರಾಬಾದಿಗೆ ಯಾರೇ ಹೋಗಲಿ, ಮದುವೆಗೆ ಹೋಗಲಿ ಆಸ್ಪತ್ರೆಗೆ ಹೋಗಲಿ, ಮಾಮಾ ಅವರ ಕಿವಿಯಲ್ಲಿ ಒಂದು ಪೆನ್ಸಿಲಿನ ಹೆಸರು ಊದಿ ಕಳಿಸುತ್ತಿದ್ದ. ಹಾಗೆ ಬಂದ ಪೆನ್ಸಿಲುಗಳಿಗೆಲ್ಲ ಅವನ ಲೆಕ್ಕದಲ್ಲಿ ಒಂದೊಂದು ಸ್ವಭಾವ. ಕೂದಲೆಳೆಯಂಥ ಕಡ್ಡಿಯ ಪಾಯಿಂಟ್ ಥ್ರೀ ಮಿಲಿಮೀಟರಿನ ಪೆನ್ಸಿಲ್ ಇತ್ತು. ಪಕ್ಕದ ಮನೆಯವರು ಸೀನಿದರೂ ಮುರಿಯುತ್ತಿತ್ತು. ಮಾಮಾ ಅದಕ್ಕೆ 'ನವಾಬ' ಎನ್ನುತ್ತಿದ್ದ. ದಪ್ಪ ಕಡ್ಡಿಯ ಎರಡು ಮಿಲಿಮೀಟರಿನದು ಒಂದಿತ್ತು. ಅದರ ಗುಂಡಿ ಒತ್ತಿದರೆ ದವಡೆ ಪೂರ್ತಿ ತೆರೆದು, ಕೆಳಗೆ ಕೈ ಹಿಡಿಯದಿದ್ದರೆ ಹೊಟ್ಟೆಯೊಳಗಿನ ಇಡೀ ಕಡ್ಡಿಯನ್ನು ನೆಲಕ್ಕೆ ಸುರಿದುಬಿಡುತ್ತಿತ್ತು. "ಇದು ಭಾಳ ಉದಾರಿ. ಒಮ್ಮಿ ಕೇಳಿದ್ರ ಇದ್ದದ್ದೆಲ್ಲಾ ಕೊಟ್ಟು ಕೂಡ್ತದ" ಎಂದು ಮಾಮಾ ಮೆಚ್ಚಿಕೊಳ್ಳುತ್ತಿದ್ದ. ಮಕ್ಕಳ ಪೆನ್ಸಿಲೂ ಇತ್ತು, ಪುಟ್ಟ ಪುಟ್ಟ ಮೂತಿಗಳನ್ನು ಸಾಲಾಗಿ ನಿಲ್ಲಿಸಿದ್ದು. ಮೊಂಡಾದ ಮೂತಿಯನ್ನು ಮುಂದಿನಿಂದ ಕಿತ್ತು ಹಿಂದಿನಿಂದ ತುರುಕಿದರೆ ಹೊಸ ಮೂತಿ ಮುಂದೆ ಬರುತ್ತದೆ. ಒಂದೇ ಒಂದು ಕಳೆದರೆ ಇಡೀ ಬಳಗ ಕೆಲಸ ನಿಲ್ಲಿಸುತ್ತದೆ.

ಇನ್ನೊಂದು ಅಲ್ಲಾಡಿಸುವ ಪೆನ್ಸಿಲ್. ಒಳಗೊಂದು ಭಾರದ ಗುಂಡು; ಪೆನ್ಸಿಲನ್ನು ಮೇಲೆ ಕೆಳಗೆ ಕುಲುಕಿದರೆ ಆ ಗುಂಡು ಬಂದು ಬಡಿದು ಕಡ್ಡಿಯನ್ನು ಮುಂದೆ ತಳ್ಳುತ್ತದೆ, ಗುಂಡಿ ಒತ್ತುವ ಕಷ್ಟವಿಲ್ಲ. ಮಾಮಾ ಅದನ್ನು ಪ್ರೀತಿಯಿಂದ ನನಗೆ ಕೊಟ್ಟ. ಆಗಿನ ಬೀದರ್ ರಸ್ತೆ ಹೇಗಿತ್ತೆಂದರೆ, ಭಾಲ್ಕಿಯಲ್ಲಿ ಚೀಲಕ್ಕೆ ಹಾಕಿದ ಪೆನ್ಸಿಲ್ ಬೀದರ್ ತಲುಪುವಷ್ಟರಲ್ಲಿ ದಾರಿಯುದ್ದಕ್ಕೂ ಕುಲುಕಿಸಿಕೊಂಡು ಕಡ್ಡಿಯನ್ನೆಲ್ಲ ತಾನಾಗಿಯೇ ಉಗುಳಿ ಖಾಲಿಯಾಗಿರುತ್ತಿತ್ತು. ನಾನು ಅದನ್ನು ವಾಪಸು ಕೊಟ್ಟೆ. ಮಾಮಾ ರಸ್ತೆಯನ್ನು ಬೈದ, ಪೆನ್ಸಿಲನ್ನು ಬೈಯಲಿಲ್ಲ.

ಆದರೆ ಅವನ ಪ್ರಾಣವಿದ್ದದ್ದು ಪಾಯಿಂಟ್ ಫೈವ್‌ನಲ್ಲಿ. ಉಕ್ಕಿನ ಮೈ, ಹಿಡಿಯುವಲ್ಲಿ ರವೆಯ ಕಾಳಿನಷ್ಟು ಸಣ್ಣ ಉಬ್ಬುಗಳು, ತೂಕವೆಲ್ಲ ಮೂತಿಯ ಕಡೆಗೆ. ಬೆರಳ ನಡುವೆ ಇಟ್ಟರೆ ತಾನೇ ಕಾಗದದತ್ತ ಬಾಗುತ್ತಿತ್ತು. ನಾನು ಅದನ್ನು ಹಿಡಿದರೆ ಮಾತ್ರ ಕಡ್ಡಿ ಪಟ್ ಎಂದು ಮುರಿಯುತ್ತಿತ್ತು. "ಗೆರಿ ಎಳಿ ಅಂದ್ರ ಹೊಲ ಊಳ್ತಿಯಲ್ಲ" ಎಂದು ಮಾಮಾ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಅದು ಅವನ ಅಂಗಿಯ ಕಿಸೆಯಲ್ಲಿ ಸದಾ ಇರುತ್ತಿತ್ತು. ಮಾತು ತೋಚದಾಗ, ಸಂಕೋಚವಾದಾಗ, ಹಸಿವಾದಾಗ, ಅವನ ಹೆಬ್ಬೆರಳು ತಾನಾಗಿಯೇ ಅದರ ಗುಂಡಿಗೆ ಹೋಗುತ್ತಿತ್ತು. ಟಿಕ್. ಟಿಕ್. ಟಿಕ್ಟಿಕ್.

ಈ ಟಿಕ್ಟಿಕ್ಕೇ ಅವನ ಮದುವೆಗೆ ಅಡ್ಡ ಬಂದದ್ದು. ಹೆಣ್ಣು ನೋಡಲು ಹೋದಲ್ಲೆಲ್ಲ ಮಾಮಾನಿಗೆ ಸಂಕೋಚವಾಗುತ್ತಿತ್ತು, ಸಂಕೋಚವಾದ ಕೂಡಲೇ ಪೆನ್ಸಿಲ್ ಕೈಗೆ ಬರುತ್ತಿತ್ತು. ಕಮಲನಗರದ ಒಂದು ಮನೆಯವರು ಹಿಂದಿನಿಂದ ಹೇಳಿ ಕಳಿಸಿದ್ದರು: "ಹುಡುಗ ಛಲೋ ಇದ್ದಾನ್ರಿ. ಆದ್ರ ಅವನಿಗಿ ನರದ ತ್ರಾಸ ಏನರ ಅದ ಏನ್ರಿ?" ಅಜ್ಜಿ ಎರಡು ದಿನ ಮಗನ ಜೊತೆ ಮಾತು ಬಿಟ್ಟಳು. ಮೂರನೆಯ ದಿನ ಮಾತಾಡಿದ್ದೂ ಪೆನ್ಸಿಲುಗಳನ್ನು ಒಲೆಗೆ ಹಾಕುತ್ತೇನೆಂದು ಹೇಳುವುದಕ್ಕೆ.

ಹೀಗಿರುವಾಗ ಔರಾದಿನ ಒಂದು ಸಂಬಂಧ ಬಂತು. ತಂದವರು ವೈಜಿನಾಥ ಕಾಕಾ, ನಮ್ಮ ಅಜ್ಜನ ಕಡೆಯ ಹಿರಿಯರು; ತಿನ್ನುವುದರಲ್ಲಿ ಆಸಕ್ತಿ ಇದ್ದುದರಿಂದ ಹೆಣ್ಣು ನೋಡುವ ಕಾರ್ಯಕ್ರಮಗಳನ್ನು ಬಹಳ ಶ್ರದ್ಧೆಯಿಂದ ಏರ್ಪಡಿಸುತ್ತಿದ್ದರು. ಹುಡುಗಿಯ ಹೆಸರು ಮಹಾನಂದಾ. ತಂದೆಗೆ ಔರಾದಿನಲ್ಲಿ ಪಾತ್ರೆಯ ಅಂಗಡಿ. ಅಜ್ಜಿಗೆ ಮೊಣಕಾಲು ನೋವು, ಬಸ್ಸು ಹತ್ತುವುದಾಗುತ್ತಿರಲಿಲ್ಲ. ಹೆಂಗಸರ ಕಡೆಯ ಪ್ರತಿನಿಧಿಯಾಗಿ ನನ್ನನ್ನು ಕಳಿಸಿದಳು. ಹೊರಡುವ ಮುಂಚೆ ಮಾಮಾನನ್ನು ಅಂಗಳದಲ್ಲಿ ನಿಲ್ಲಿಸಿ, ಅಂಗಿಯ ಕಿಸೆ, ಪ್ಯಾಂಟಿನ ಕಿಸೆ, ಕಡೆಗೆ ಕಾಲರಿನ ಮಡಿಕೆಯನ್ನೂ ಮುಟ್ಟಿ ನೋಡಿದಳು. ಪೆನ್ಸಿಲ್ ಇಲ್ಲ. "ಈಗ ನೀ ಮನುಷ್ಯಾನಂಗ ಕಾಣ್ತಿ" ಎಂದು ಹರಸಿ ಕಳಿಸಿದಳು.

ಬಸ್ಸು ಠಾಣಾ ಕುಶನೂರಿನಲ್ಲಿ ನಿಂತಾಗ ಮಾಮಾ ಬಗ್ಗಿ ಎಡಗಾಲಿನ ಹತ್ತಿರ ಏನೋ ಸರಿ ಮಾಡಿಕೊಂಡ. ಆಮೇಲೆ ಮತ್ತೆ ಬಗ್ಗಿದ.

"ಏನು ಮಾಮಾ, ಇರುವಿ ಕಡೀಲತ್ತಾವೇನು?" ಎಂದೆ.

"ಇಲ್ಲ" ಎಂದ. ಮುಖದಲ್ಲಿ ಎಂಥ ಶಾಂತಿ ಇತ್ತೆಂದರೆ ನನಗೆ ಆಗಲೇ ಅನುಮಾನ ಬರಬೇಕಿತ್ತು.

ಔರಾದಿನ ಮನೆ ಸ್ವಚ್ಛವಾಗಿತ್ತು. ಗೋಡೆಯ ಮಾಡದಲ್ಲಿ ದೇವರು, ಅದರ ಪಕ್ಕ ಊದಿನಕಡ್ಡಿಯ ಕಟ್ಟು, ಕೆಳಗೆ ಜಮಖಾನೆ. ಒಂದು ಕಡೆ ನಾವು, ಇನ್ನೊಂದು ಕಡೆ ಹುಡುಗಿಯ ತಂದೆ ಮತ್ತು ಅವರ ತಾಯಿ. ತಾಯಿಯನ್ನು ಮನೆಯವರೆಲ್ಲ ಆಯಿ ಎನ್ನುತ್ತಿದ್ದರು. ತಂದೆ ದೊಡ್ಡ ಮೈಯ, ದಪ್ಪ ಮೀಸೆಯ ಮನುಷ್ಯ, ಮಾತು ಕಡಿಮೆ. ಆಡುವುದನ್ನೆಲ್ಲ ಆಯಿಯೇ ಆಡುತ್ತಿದ್ದಳು. ಮಂಡಕ್ಕಿಯ ಸುಸಲಾ, ಭಜಿ, ಚಹಾ ಬಂದವು. ಸುಸಲಾದ ತಟ್ಟೆ ತುಂಬ ಶೇಂಗಾ ಇತ್ತು. ವೈಜಿನಾಥ ಕಾಕಾ ಕೂಡಲೇ ಸಂಬಂಧವನ್ನು ಒಪ್ಪಿಕೊಂಡವರಂತೆ ತಿನ್ನತೊಡಗಿದರು.

ಮಹಾನಂದಾ ಬಂದು ಆಯಿಯ ಪಕ್ಕ ಕೂತಳು. ತಿಳಿ ಹಳದಿ ಸೀರೆ, ಎರಡೂ ಕೈಗೆ ಹಸಿರು ಗಾಜಿನ ಬಳೆ. ಬಿ.ಎ. ಮುಗಿಸಿದ್ದಳು. ತಲೆ ಬಗ್ಗಿಸಿದ್ದರೂ ಕಣ್ಣುಗಳು ಮಾತ್ರ ಕೋಣೆಯನ್ನೆಲ್ಲ ಸುತ್ತಿ ಬರುತ್ತಿದ್ದವು.

"ಹುಡುಗಿಗಿ ಏನರ ಕೇಳೋದದ ಏನಪಾ?" ಎಂದು ಕಾಕಾ ಮಾಮಾನನ್ನು ಕೇಳಿದರು. ಮಾಮಾ ತಲೆ ಅಲ್ಲಾಡಿಸಿದ. ಅವನ ಹೆಬ್ಬೆರಳು ಖಾಲಿ ಗಾಳಿಯನ್ನೇ ಒತ್ತುತ್ತಿತ್ತು.

"ಹಂಗಾದ್ರ ನೀನೇ ಏನರ ಕೇಳವ್ವ" ಎಂದರು ಕಾಕಾ ಹುಡುಗಿಗೆ, ಉಪಚಾರಕ್ಕೆ. ಇಂಥ ಮಾತಿಗೆ ಹುಡುಗಿಯರು 'ಏನಿಲ್ಲ' ಎನ್ನುವುದು ರೂಢಿ. ಕಾಕಾ ಆಗಲೇ ಇನ್ನೊಂದು ಭಜಿಗೆ ಕೈ ಚಾಚಿದ್ದರು.

"ಕೇಳ್ಲೇನ್ರಿ?" ಎಂದಳು ಮಹಾನಂದಾ. "ಅವರ ಕಾಲುಚೀಲದಾಗ ಅದೇನ್ರಿ?"

ಎಲ್ಲರೂ ಮಾಮಾನ ಕಾಲು ನೋಡಿದರು. ಚಕ್ಕಳಮಕ್ಕಳ ಹಾಕಿದ್ದರಿಂದ ಪ್ಯಾಂಟು ಮೇಲೇರಿ, ಎಡಗಾಲಿನ ಕಾಲುಚೀಲದ ಅಂಚಿನಲ್ಲಿ ಉಕ್ಕಿನ ಗುಂಡಿಯೊಂದು ಹೊಳೆಯುತ್ತಿತ್ತು. ನನಗೆ ಜಮಖಾನೆಯ ಕೆಳಗೆ ಸೇರಿಕೊಳ್ಳಬೇಕು ಎನಿಸಿತು.

"ಪೆನ್ಸಿಲ್ರಿ" ಎಂದ ಮಾಮಾ.

"ಕಾಲಾಗ ಯಾಕ ಇಟ್ಟೀರಿ?"

"ಕಿಸೆದಾಗ ನಮ್ಮವ್ವ ಇಡಗೊಡ್ಲಿಲ್ರಿ."

ಆಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಮಹಾನಂದಾ ನಗಲಿಲ್ಲ. ಕೈ ಚಾಚಿದಳು. ಮಾಮಾ ಪೆನ್ಸಿಲನ್ನು ತನ್ನ ಅಂಗಿಗೆ ಒರೆಸಿ, ಎರಡು ಕೈಯಿಂದ ಕೊಟ್ಟ. ಅವಳು ಗುಂಡಿ ಒತ್ತಿದಳು, ಟಿಕ್. ಕಡ್ಡಿ ಬಂತು. ಬೆರಳಿನಿಂದ ಕಡ್ಡಿಯನ್ನು ಹಿಂದಕ್ಕೆ ತಳ್ಳಿ ನೋಡಿದಳು, ಹೋಗಲಿಲ್ಲ. ಅವಳ ಹುಬ್ಬು ಗಂಟಾಯಿತು.

"ಒತ್ತಿದ್ರ ಮುಂದ ಬರ್ತದ. ತಳ್ಳಿದ್ರ ಹಿಂದ ಹೋಗವಲ್ದು. ಇದು ಒಳಗ ಹ್ಯಾಂಗ ಕೆಲ್ಸ ಮಾಡ್ತದ್ರಿ?"

ಓದುಗರೇ, ನಮ್ಮ ಮನೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಕೇಳುತ್ತಿರಲಿಲ್ಲ. ಅಪ್ಪಿತಪ್ಪಿ ಕೇಳಿದ ಹಾಲಿನವನೊಬ್ಬ ಆಮೇಲೆ ನಮ್ಮ ಓಣಿಗೆ ಬರುವ ವೇಳೆಯನ್ನೇ ಬದಲಿಸಿಕೊಂಡಿದ್ದ. ನಾನು ಕಾಕಾನ ಕಡೆ ನೋಡಿದೆ. ಕಾಕಾ ತಟ್ಟೆ ನೋಡುತ್ತಿದ್ದರು. ಮಾಮಾ ಮಾತ್ರ, ಹುಟ್ಟಿದಾಗಿನಿಂದ ಇದೊಂದು ಪ್ರಶ್ನೆಗಾಗಿ ಕಾದವನಂತೆ, ನೆಟ್ಟಗೆ ಕೂತ.

"ಹೇಳ್ತೇನ್ರಿ" ಎಂದ.

ಪೆನ್ಸಿಲಿನ ಮೂತಿ ತಿರುವಿ ತೆಗೆದ. ಒಳಗಿನಿಂದ ಹಿತ್ತಾಳೆಯ ಒಂದು ಪುಟ್ಟ ಭಾಗ ಎದ್ದು ಕಂಡಿತು, ತುದಿಯಲ್ಲಿ ಮೂರಾಗಿ ಸೀಳಿದ್ದು. "ಇವು ದವಡಿ ನೋಡ್ರಿ. ಮೂರು ಕೂಡಿ ಕಡ್ಡಿ ಹಿಡೀತಾವ. ತಾವಾಗಿ ಹಿಡಿಯೋದಿಲ್ಲ, ಸುತ್ತಲೂ ಒಂದು ಉಂಗುರ ಇರ್ತದ, ಅದು ಅಮುಕಿ ಹಿಡಿಸ್ತದ. ಈ ಉಂಗುರ..." ಎನ್ನುತ್ತ ಹಿಂದಿನ ಗುಂಡಿ ಒತ್ತಿದ. ದವಡೆ ಅರಳಿತು. ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಆ ಹಿತ್ತಾಳೆ ಉಂಗುರ ಕಳಚಿ, ಟಿಣ್ ಎಂದು ನೆಗೆದು, ಎಲ್ಲೋ ಹೋಯಿತು.

ಎಲ್ಲರೂ ಜಮಖಾನೆ ತಡಕಾಡಿದೆವು. ಉಂಗುರ ಸಿಗಲಿಲ್ಲ.

ಅಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಮಾಮಾ ವಿವರಣೆಯ ಮಧ್ಯದಲ್ಲಿದ್ದ. ಕೋಣೆಯನ್ನೆಲ್ಲ ಒಮ್ಮೆ ನೋಡಿ, ಮಹಾನಂದಾಳ ಕೈ ನೋಡಿ, "ಜರಾ ಒಂದು ಬಳಿ ಕೊಡ್ತೀರೇನ್ರಿ?" ಎಂದ. ಅವಳು ಆಯಿಯ ಮುಖವನ್ನೂ ನೋಡದೆ ಒಂದು ಹಸಿರು ಬಳೆ ಕಳಚಿ ಕೊಟ್ಟಳು. ಮಾಮಾ ಮಾಡದಿಂದ ಒಂದು ಊದಿನಕಡ್ಡಿ ತೆಗೆದುಕೊಂಡ. ಬಲಗೈಯ ಬೆರಳುಗಳನ್ನು ಬಳೆಯೊಳಗೆ ತೂರಿಸಿ, ತುದಿಯಲ್ಲಿ ಕಡ್ಡಿ ಹಿಡಿದ.

"ಇವು ದವಡಿ, ಬಳಿ ಉಂಗುರ, ಇದು ಪೆನ್ಸಿಲಿನ ಕಡ್ಡಿ. ಇನ್ನ ಮೂತಿಯೊಳಗ ಒಂದು ರಬ್ಬರ್ ತುಂಡು ಇರ್ತದ." ಹುಡುಗಿಯ ತಂದೆಯ ಕಡೆ ತಿರುಗಿ, "ರಬ್ಬರ್ ನೀವಾಗ್ರಿ" ಎಂದ.

"ನಾನ?" ಎಂದರು ಅವರು. ಆ ದಿನ ಅವರಾಡಿದ ಮೊದಲ ಮಾತು.

"ಹೌದ್ರಿ. ಎರಡು ಬೆರಳಿಲೇ ಕಡ್ಡಿ ತುದಿ ಹಿಡೀರಿ. ಗಟ್ಟಿ ಹಿಡೀಬ್ಯಾಡ್ರಿ, ಬಿಡಲೂಬ್ಯಾಡ್ರಿ."

ಪಾತ್ರೆ ಅಂಗಡಿಯ ಆ ದೊಡ್ಡ ಮನುಷ್ಯ ಮುಂದೆ ಸರಿದು, ಮೀಸೆಯ ಕೆಳಗೆ ತುಟಿ ಬಿಗಿದು, ಊದಿನಕಡ್ಡಿಯ ತುದಿಯನ್ನು ಹೂವಿನಂತೆ ಹಿಡಿದರು.

"ಈಗ ಗುಂಡಿ ಒತ್ತಿದ್ರಿ ಅನ್ರಿ. ದವಡಿ, ಉಂಗುರ, ಕಡ್ಡಿ, ಮೂರೂ ಕೂಡೇ ಮುಂದ ಬರ್ತಾವ. ಹಿಂಗ. ಜರಾ ದೂರ ಬಂದ ಮ್ಯಾಲ ಉಂಗುರಕ್ಕ ತಡಿ ಆಗ್ತದ, ಅಲ್ಲೇ ನಿಲ್ತದ. ದವಡಿ ಮಾತ್ರ ಉಂಗುರ ದಾಟಿ ಮುಂದ ನುಗ್ಗಿ ಬಾಯಿ ತಗೀತಾವ. ಹಿಂಗ!" ಎನ್ನುತ್ತ ಮಾಮಾ ಎಡಗೈಯಿಂದ ಬಳೆಯನ್ನು ಹಿಡಿದು ಬಲಗೈಯನ್ನು ಹುರುಪಿನಿಂದ ಮುಂದೆ ನುಗ್ಗಿಸಿದ. ಬಳೆ ಬೆರಳ ಗೆಣ್ಣುಗಳನ್ನು ದಾಟಿತು, ಹೆಬ್ಬೆರಳನ್ನು ದಾಟಿತು, ಮಣಿಕಟ್ಟಿಗೆ ಹೋಗಿ ಕೂತಿತು.

"ಈಗ ಗುಂಡಿ ಬಿಟ್ರಿ ಅನ್ರಿ, ದವಡಿ ಹಿಂದ ಸರೀತಾವ" ಎಂದ. ಕೈ ಹಿಂದೆಳೆದ. ಬಳೆಯೂ ಜೊತೆಗೆ ಹೋಯಿತು. ಮತ್ತೆ ಎಳೆದ. ಬಳೆ ಹೆಬ್ಬೆರಳ ಬುಡಕ್ಕೆ ಬಂದು ಅಲ್ಲಿಂದ ಮುಂದೆ ಬರಲು ಒಪ್ಪಲಿಲ್ಲ.

ಸರಿಯಾಗಿ ಅದೇ ಗಳಿಗೆಯಲ್ಲಿ ವೈಜಿನಾಥ ಕಾಕಾನ ಬಾಯಿಯಿಂದ ಕಟ್ ಎಂದು ಸದ್ದು ಬಂತು. "ಸುಸಲಾದಾಗ ಹಳ್ಳು ಅದ್ರಿ" ಎಂದು ದವಡೆ ಹಿಡಿದುಕೊಂಡರು. ಅಂಗೈಗೆ ಉಗುಳಿದಾಗ ಹಿತ್ತಾಳೆ ಉಂಗುರ ಬಂತು.

ಆಮೇಲಿನ ಗದ್ದಲವನ್ನು ಏನು ಹೇಳಲಿ. ಒಬ್ಬರು ಸಾಬೂನು ತಂದರು, ಇನ್ನೊಬ್ಬರು ಕೊಬ್ಬರಿ ಎಣ್ಣೆ ತಂದರು. ನಾನು ಎಳೆದೆ, ಕಾಕಾ ಎಳೆದರು, ಒಳಗಿನಿಂದ ಬಂದ ಹೆಂಗಸರು ಎಳೆದರು. ಎಳೆದಷ್ಟೂ ಕೈ ಊದಿಕೊಂಡಿತು. ಕಾಕಾ ಗಾಬರಿಯಾಗಿ, "ಒಡದು ಬಿಡೋಣೇನ್ರಿ?" ಎಂದು ಬಾಗಿಲಿಗೆ ಇಟ್ಟಿದ್ದ ಒತ್ತುಗಲ್ಲಿನ ಕಡೆ ನೋಡಿದರು. ಆಯಿ ಎದ್ದು ನಿಂತಳು.

"ಹೆಣ್ಣು ನೋಡ್ಲಾಕ ಬಂದ ಮನಿಯಾಗ ಬಳಿ ಒಡೀತೀರಿ? ಬುದ್ಧಿ ಅದ ಏನ್ರಿ ನಿಮಗ?"

ಕಡೆಗೆ ಮಾಮಾ ಬಳೆ ತೊಟ್ಟುಕೊಂಡೇ ಹೊರಡುವುದೆಂದಾಯಿತು. ಬಾಗಿಲಲ್ಲಿ ತಿರುಗಿ ನೋಡಿದಾಗ ಹುಡುಗಿಯ ತಂದೆ ಇದ್ದಲ್ಲಿಯೇ ಕೂತಿದ್ದರು. ಬಿಡಬೇಡಿ ಎಂದಿದ್ದ ಊದಿನಕಡ್ಡಿಯನ್ನು ಇನ್ನೂ ಬಿಟ್ಟಿರಲಿಲ್ಲ.

ಮನೆಯಲ್ಲಿ ಅಜ್ಜಿ ಬಳೆ ನೋಡಿದಳು, ಮಗನನ್ನು ನೋಡಿದಳು, ನನ್ನನ್ನು ನೋಡಿದಳು. "ನಾ ಎಲ್ಲಾ ಕಿಸೆ ನೋಡಿದ್ನೆಲ್ಲೇ" ಎಂದಷ್ಟೇ ಹೇಳಿ ಒಳಗೆ ಹೋಗಿ ಮಲಗಿದಳು.

ಕೆಲವು ದಿನ ಔರಾದಿನಿಂದ ಏನೂ ಸುದ್ದಿ ಬರಲಿಲ್ಲ. ಕೈಯ ಊತ ಇಳಿಯಿತು. ಈಗ ತೆಗೆದರೆ ಬಂದೀತು ಎಂದು ನಾನು ಸಾಬೂನಿನ ನೀರು ಮಾಡಿಕೊಟ್ಟೆ. ಮಾಮಾ ಆ ನೀರಲ್ಲಿ ತನ್ನ ಕರವಸ್ತ್ರ ಒಗೆದ. ಬಿಸಿಲಲ್ಲೂ ತುಂಬು ತೋಳಿನ ಅಂಗಿ ತೊಟ್ಟು ಶಾಲೆಗೆ ಹೋಗುತ್ತಿದ್ದ. ಬೋರ್ಡಿನ ಮೇಲೆ ಚಿತ್ರ ಬರೆಯುವಾಗ ಬಳೆ ಹಲಗೆಗೆ ತಾಗಿ ಟಿಣ್ ಎನ್ನುತ್ತಿತ್ತಂತೆ. ಮಕ್ಕಳು ನಗುತ್ತಿದ್ದರಂತೆ. ಇವನೂ ನಗುತ್ತಿದ್ದನಂತೆ. ಮನೆಯಲ್ಲಿ ಪೆನ್ಸಿಲುಗಳ ಡಬ್ಬಿ ಮುಚ್ಚಿದ್ದದ್ದು ಮುಚ್ಚಿಯೇ ಇತ್ತು. ಊಟದ ತಟ್ಟೆಯ ಮುಂದೆ ಕೂತು ಒಂದು ತುತ್ತಿಗೂ ಇನ್ನೊಂದು ತುತ್ತಿಗೂ ನಡುವೆ ಗೋಡೆ ನೋಡುತ್ತಿದ್ದ. "ಏನು ಮಾಮಾ?" ಎಂದರೆ, "ಅಲ್ಲ, ಎಂಥಾ ಪ್ರಶ್ನಿ ಕೇಳಿದಳು ನೋಡು" ಎನ್ನುತ್ತಿದ್ದ.

ಆಮೇಲೆ ಕಾಕಾ ಸುದ್ದಿ ತಂದರು. ಆಯಿ ಹೇಳಿಕಳಿಸಿದ್ದಳು: ಬಳೆ ಸಾಬೂತಾಗಿ, ಎಂದರೆ ಎಲ್ಲೂ ಸೀಳು ಬಿಡದೆ, ಅವರ ಹುಡುಗಿಯ ಕೈಗೆ ವಾಪಸು ಬರಬೇಕು. ಅದಾದ ಮೇಲೆ ಹೂಂ ಅನ್ನುವುದೋ ಬಿಡುವುದೋ ಹುಡುಗಿಗೆ ಬಿಟ್ಟದ್ದು. ಒಡೆದರೆ ಮಾತು ಅಲ್ಲಿಗೇ ಮುಗಿಯಿತು.

"ಹಂಗಾದ್ರ ಈಗೇ ತಗದು ಕೊಡು" ಎಂದಳು ಅಜ್ಜಿ.

"ತಗಿವಾಗ ಒಡದ್ರ?" ಎಂದ ಮಾಮಾ.

ಅಲ್ಲಿಂದ ಮಾಮಾನ ಬಲಗೈ ಮನೆಯ ಹೊಸ ಸದಸ್ಯನಾಯಿತು. ಅದಕ್ಕೆ ಹತ್ತಿ ಸುತ್ತಿ, ಮೇಲೆ ಕರವಸ್ತ್ರ ಕಟ್ಟಿದ. ಸೈಕಲ್ ಬಿಟ್ಟ. ಎಡಗೈಯಿಂದ ಬರೆದ, ಅವನು ಬರೆದ ಕುದುರೆಯನ್ನು ಮಕ್ಕಳು ಕುರಿ ಎಂದು ಗುರುತಿಸಿದರು. ನೂಕುನುಗ್ಗಲಿನಲ್ಲಿ ಬಲಗೈಯನ್ನು ಎತ್ತಿ ಹಿಡಿದು ನಡೆಯುತ್ತಿದ್ದ. ದಾರಿಯಲ್ಲಿ ಎದುರಾದ ಒಬ್ಬ ಮುದುಕ ಆಶೀರ್ವಾದವೆಂದು ತಿಳಿದು ತಲೆ ಬಾಗಿಸಿದ್ದನ್ನು ನಾನೇ ಕಂಡಿದ್ದೇನೆ. ಸಂತೆಯ ದಿನ ಭಾಲ್ಕಿಯ ಬಜಾರದಲ್ಲಿ ಬಾಳೆಹಣ್ಣಿನ ಸಿಪ್ಪೆಯ ಮೇಲೆ ಕಾಲಿಟ್ಟು ಜಾರಿದಾಗ, ಇಡೀ ಮೈಯನ್ನು ಟೊಮೆಟೊ ರಾಶಿಗೆ ಅರ್ಪಿಸಿ ಬಲಗೈಯೊಂದನ್ನು ಮಾತ್ರ ಆಕಾಶಕ್ಕೆ ಎತ್ತಿ ಉಳಿಸಿಕೊಂಡ. ಟೊಮೆಟೊ ಮಾರುವ ಹೆಂಗಸು ಮೊದಲು ಬೈದಳು. ಕತೆ ಕೇಳಿದ ಮೇಲೆ ತನ್ನ ಸೆರಗಿನಿಂದಲೇ ಅವನ ಮುಖ ಒರೆಸಿ, "ಬಳಿಗಿ ಏನೂ ಆಗಿಲ್ಲಲ್ರಿ?" ಎಂದು ಕೇಳಿದಳು. ಆ ಸಂಜೆಯೊಳಗೆ ಇಡೀ ಬಜಾರಿಗೆ ಬಳೆಯ ಸುದ್ದಿ ಗೊತ್ತಾಗಿತ್ತು. ಜನ ಅವನಿಗೆ ದಾರಿ ಬಿಡತೊಡಗಿದರು.

ಒಂದು ಮಧ್ಯಾಹ್ನ ನಾನು ಕಾಲೇಜಿಗೆ ರಜೆ ಎಂದು ಮನೆಯಲ್ಲಿದ್ದೆ. ಬಾಗಿಲಲ್ಲಿ ನೆರಳು ಬಿತ್ತು. ನೋಡಿದರೆ ಮಹಾನಂದಾ, ಅವಳ ಹಿಂದೆ ಬಾಗಿಲು ತುಂಬಿ ನಿಂತ ಅವಳ ತಂದೆ. ಅಜ್ಜಿ ಮೊಣಕಾಲು ನೋವು ಮರೆತು ಎದ್ದಳು. ಮಾಮಾ ಬಲಗೈಯನ್ನು ಎದೆಗವಚಿಕೊಂಡು ಹೊರಬಂದ.

"ಬಳಿ ಒಯ್ಲಾಕ ಬಂದೀನ್ರಿ" ಎಂದಳು ಮಹಾನಂದಾ, ಅಜ್ಜಿಗೆ ನಮಸ್ಕಾರ ಮಾಡಿ.

ಮಾಮಾನ ಮುಖ ಇಳಿದುಹೋಯಿತು. ಒಂದೊಂದೇ ಸುತ್ತು ಹತ್ತಿ ಬಿಚ್ಚಿದ. ಅವಳು ಎದುರು ಕೂತು ಅವನ ಕೈಯನ್ನು ನೋಡಿದಳು. ಒಂದು ತಂಬಿಗೆ ನೀರು, ಸಾಬೂನು ತರಿಸಿದಳು.

"ಅಂದು ಎಲ್ರೂ ಬಳಿ ಜಗ್ಗಿದ್ರಿ. ಬಳಿ ಸಣ್ಣದು ದೊಡ್ಡದು ಆಗ್ತದೇನ್ರಿ? ಸಣ್ಣದಾಗಬೇಕಾದ್ದು ಕೈ." ಸಾಬೂನು ಹಚ್ಚಿ, ಅವನ ಹೆಬ್ಬೆರಳ ಬುಡವನ್ನು ಅಂಗೈಯೊಳಕ್ಕೆ ಮಡಿಸಿ ಒತ್ತಿ ಹಿಡಿದಳು. "ದವಡಿ ಸಡಿಲ ಬಿಡ್ರಿ" ಎಂದಳು. ಮಾಮಾ ಬಿಟ್ಟ. ಬಳೆ ಸುಳ್ಳಾಡಿದಷ್ಟು ಸಲೀಸಾಗಿ ಜಾರಿ ಅವಳ ಕೈಗೆ ಬಂತು. ಬೆಳಕಿಗೆ ಹಿಡಿದು ನೋಡಿದಳು, ಸೀಳಿಲ್ಲ. ತನ್ನ ಕೈಗೆ ಏರಿಸಿಕೊಂಡಳು. ಅಜ್ಜಿಯ ತುಟಿಗಳು ಯಾವುದೋ ದೇವರ ಹೆಸರು ಹೇಳುತ್ತಿದ್ದವು.

"ಬಳಿ ಬಂತು" ಎಂದಳು ಮಹಾನಂದಾ. "ಈಗ ಉಳಿದದ್ದು ಹೇಳ್ರಿ."

"ಉಳಿದದ್ದಂದ್ರ?" ಎಂದ ಮಾಮಾ.

"ದವಡಿ ಉಂಗುರ ದಾಟಿ ಬಾಯಿ ತಗೀತಾವ, ಅಲ್ಲಿಗಿ ನಿಲ್ಲಿಸಿದ್ರಿ. ಆ ರಬ್ಬರ್ ಯಾಕ ಬೇಕು ಅಂತ ಹೇಳೇ ಇಲ್ಲ. ನನಗ ಅಂದಿನಿಂದ ಅದೇ ತಲಿಯಾಗ ಕುಂತದ."

ಅವಳ ತಂದೆ ಗಂಟಲು ಸರಿಮಾಡಿಕೊಂಡರು. "ನಾನೂ ಅದಕ್ಕೇ ಬಂದೀನ್ರಿ. ಅಷ್ಟೊತ್ತು ಹಿಡಕೊಂಡು ಕುಂತಿದ್ದೆ. ನನ್ನ ಕೆಲ್ಸ ಏನಿತ್ತಂತ ತಿಳೀಲೇ ಇಲ್ಲ."

ಮಾಮಾ ಒಳಗೆ ಓಡಿ ಡಬ್ಬಿ ತಂದ. ಅಷ್ಟು ದಿನದ ಮೇಲೆ ಪಾಯಿಂಟ್ ಫೈವ್ ಹೊರಬಂತು; ಕಾಕಾ ಉಗುಳಿದ ಉಂಗುರ ಮತ್ತೆ ಅದರೊಳಗೆ ಸೇರಿತ್ತು. ನಿಧಾನವಾಗಿ ಹೇಳಿದ: ದವಡೆ ಬಾಯಿ ತೆರೆದ ಗಳಿಗೆಯಲ್ಲಿ ಕಡ್ಡಿಯನ್ನು ಹಿಡಿದವರು ಯಾರೂ ಇರುವುದಿಲ್ಲ. ಗುಂಡಿ ಬಿಟ್ಟ ಕೂಡಲೇ ಸ್ಪ್ರಿಂಗು ದವಡೆಯನ್ನು ಹಿಂದೆ ಎಳೆಯುತ್ತದೆ. ಆಗ ಕಡ್ಡಿಯೂ ಅದರ ಬೆನ್ನು ಹತ್ತಿ ಹಿಂದೆ ಹೋಗಿಬಿಟ್ಟರೆ ಎಷ್ಟು ಒತ್ತಿದರೂ ಏನು ಬಂತು? ಮೂತಿಯೊಳಗಿನ ರಬ್ಬರ್ ಅದನ್ನು ಮೆತ್ತಗೆ ತಡೆದು ನಿಲ್ಲಿಸುತ್ತದೆ. ದವಡೆ ಬರಿಗೈಯಲ್ಲಿ ಹಿಂದೆ ಹೋಗಿ, ಉಂಗುರದೊಳಗೆ ಸೇರಿ, ಕಡ್ಡಿಯನ್ನು ಇನ್ನೂ ಸ್ವಲ್ಪ ಮೇಲೆ ಹೊಸದಾಗಿ ಹಿಡಿಯುತ್ತದೆ. ಬರೆಯುವಾಗ ಕಡ್ಡಿ ಹಿಂದಕ್ಕೆ ಒತ್ತಿದಷ್ಟೂ ದವಡೆ ಉಂಗುರದೊಳಗೆ ಇನ್ನೂ ಬಿಗಿಯಾಗುತ್ತದೆ. ಅದಕ್ಕೇ ತಳ್ಳಿದರೆ ಹೋಗುವುದಿಲ್ಲ.

"ಹಂಗಂದ್ರ ಎಲ್ರೂ ಕೈ ಬಿಟ್ಟಾಗ ಹಿಡಿಯೋನು ನಾನು" ಎಂದರು ತಂದೆ.

"ಹೌದ್ರಿ."

"ಭಾಳ ದೊಡ್ಡ ಕೆಲ್ಸ ಕೊಟ್ಟಿದ್ರಿ ನನಗ" ಎಂದು ಅವರು ಗಂಭೀರವಾಗಿ ಮೀಸೆ ಸವರಿಕೊಂಡರು. ಮಹಾನಂದಾಳ ಮುಖ ಅರಳಿತ್ತು. ಪೆನ್ಸಿಲ್ ತೆಗೆದುಕೊಂಡು ಒತ್ತಿದಳು, ಟಿಕ್. ಇನ್ನೊಮ್ಮೆ, ಟಿಕ್. ಅಜ್ಜಿ ನನ್ನ ತೋಳು ಹಿಡಿದು ಪಿಸುಗುಟ್ಟಿದಳು: "ಇಕಿಗೂ ನರದ ತ್ರಾಸ ಅದ, ಆಯ್ತು ಬಿಡು, ಕೂಡ್ತದ."

ಕೂಡಿತು. ಮಹಾನಂದಾ ನನ್ನ ಮಾಮಿಯಾದಳು. ಮದುವೆಯಲ್ಲಿ ಹೆಣ್ಣಿನ ತಂದೆ ಬೀಗರಿಗೆಲ್ಲ ತಮ್ಮನ್ನು ಪರಿಚಯಿಸಿಕೊಂಡದ್ದೇ "ನಾ ರಬ್ಬರ್ ರೀ" ಎಂದು; ಕೇಳಿದವರು ಅವರ ವ್ಯಾಪಾರ ಬದಲಾಗಿದೆ ಎಂದುಕೊಂಡರು. ಸಂಸಾರದಲ್ಲಿ ಜಗಳವಿರಲಿಲ್ಲವೆಂದಲ್ಲ. ಮಾಮಿಗೆ ಪಾಯಿಂಟ್ ಫೈವ್ ಒಗ್ಗಲಿಲ್ಲ. "ಹಾಲಿನವನ ಹೆಸರು ಬರೀಬೇಕಂದ್ರೂ ಉಸಿರು ಹಿಡಿದು ಬರೀಬೇಕು. ಮನುಷ್ಯಾರಿಗಿ ಪಾಯಿಂಟ್ ಸೆವೆನ್ನೇ ಸೈ" ಎನ್ನುತ್ತಾಳೆ. ಮಾಮಾನ ಪ್ರಕಾರ ಪಾಯಿಂಟ್ ಸೆವೆನ್ನಿನಲ್ಲಿ ಬರೆಯುವುದು ಕಸಬರಿಗೆಯಲ್ಲಿ ಬರೆದ ಹಾಗೆ. ಈ ವಿಷಯದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಎಂದೂ ಕ್ಷಮಿಸಿಲ್ಲ.

ಇರಲಿ. ಮೊನ್ನೆ ಮಶೀನಿನಿಂದ ಹೊರಬಂದ ಪೆನ್ಸಿಲ್ ಎಷ್ಟು ಒತ್ತಿದರೂ ಕಡ್ಡಿ ಬಿಡಲಿಲ್ಲವೆಂದು ನಾನು ಭಾಲ್ಕಿಗೆ ಫೋನು ಮಾಡಿದಾಗ ಮಾಮಿ ಎತ್ತಿದಳು. "ನಿಮ್ಮ ಮಾಮಾ ದಾಡಿ ಮಾಡ್ಕೊಳ್ಳತ್ತಾರ, ತಡಿ" ಎಂದಳು. ಕಾಯುವಾಗ ಏನೋ ಹೊಳೆದು, ಇಷ್ಟು ವರ್ಷ ಕೇಳದೇ ಇದ್ದದ್ದನ್ನು ಕೇಳಿದೆ.

"ಮಾಮಿ, ಖರೆ ಹೇಳು. ಬಳಿ ಸಿಕ್ಕೊಂಡಿದ್ದಕ್ಕ ಹೂಂ ಅಂದೇನು?"

"ಏ ಹುಚ್ಚಿ, ಬಳಿ ಏನು, ಅಂಗಡ್ಯಾಗ ಡಜನ್ನಿಗಟ್ಲೆ ಸಿಗ್ತಾವ" ಎಂದಳು. ಹಿಂದೆ ಎಲ್ಲೋ ನಳದ ನೀರು ಬೀಳುವ ಸದ್ದು. "ಅದಕ್ಕ ಮೊದಲು ಭಾಳ ಮಂದಿ ಬಂದಿದ್ರವ್ವ ನೋಡ್ಲಾಕ. ಅಡಗಿ ಬರ್ತದೇನು, ಹಾಡು ಬರ್ತದೇನು, ಜರಾ ನಡದು ತೋರ್ಸು. ನಾನೂ ಹಟ ಹಿಡದು ಎಲ್ರಿಗೂ ಒಂದೊಂದು ಪ್ರಶ್ನಿ ಕೇಳಿದ್ದೆ. ಎಲ್ರೂ ನಮ್ಮಪ್ಪನ ಮಾರಿ ನೋಡಿ ಉತ್ತರ ಹೇಳಿದ್ರು. ನಿಮ್ಮ ಮಾಮಾ ಒಬ್ರೇ ನನ್ನ ಮಾರಿ ನೋಡಿ ಹೇಳಿದ್ರು." ನಕ್ಕಳು. "ಉತ್ತರ ಜರಾ ಉದ್ದ ಆಯ್ತು. ಇನ್ನೂ ಮುಗದಿಲ್ಲ ನೋಡು."

ಅಷ್ಟರಲ್ಲಿ ಮಾಮಾ ಫೋನು ಕಸಿದುಕೊಂಡ. ಸಮಾಚಾರ ಕೇಳಿ, "ಹಂಗಾದ್ರ ಮೊದಲು ಒಳಗ ಏನಾಗಿರ್ತದಂತ ತಿಳಕೊಳ್ಬೇಕು" ಎಂದು ಶುರು ಮಾಡಿದ. ಇಂಥ ಹೊತ್ತಿನಲ್ಲಿ ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಫೋನು ಇಡುವುದು ನನ್ನ ಅಭ್ಯಾಸ. ಆ ದಿನ ಹಾಗೆ ಹೇಳಲು ಬಾಯಿ ಬರಲಿಲ್ಲ. ಒಂದು ಕುರ್ಚಿ ಎಳೆದುಕೊಂಡು ಕೂತೆ. "ಹೂಂ, ಹೇಳು ಮಾಮಾ" ಎಂದೆ. ಆ ಕಡೆಯಿಂದ ಮೊದಲು ಕೇಳಿಸಿದ್ದು ಟಿಕ್, ಟಿಕ್.